ಅಟ್ಟದ ಟಿವಿ ಗೇಮ್ ಕೆಳಗಿಳಿಸಿ, ಮೊದಲು ಟ್ಯಾಂಕ್ ಆಡಿ

ಟಿವಿ ಗೇಮಿನ ಕ್ಯಾಸೆಟಿನ ಮೇಲೆ 9999999 ಇನ್ 1 ಅಂತ ದೊಡ್ಡದಾಗಿ ಬರೆದುಂಟು. ದಿನಕ್ಕೆ ನೂರು ಗೇಮ್ ಆಡಿದ್ರೂ ಮುಗಿಸ್ಲಿಕ್ಕೆ 270 ವರ್ಷದ ಮೇಲೆ ಬೇಕು ಮಾರ್ರೆ. ನಾನೂ ಅಕ್ಕನ ಮಗನೂ ಒಂದು ಮಧ್ಯಾಹ್ನದಲ್ಲಿ ಇಡೀ ಲಿಸ್ಟ್ ಜಾಲಾಡಿದ್ವಿ, ಯಾಕಂದ್ರೆ ಒಳಗೆ ನಿಜವಾಗಿ ಇದ್ದದ್ದು ಎಂಟೋ ಹತ್ತೋ ಗೇಮ್, ಉಳಿದದ್ದೆಲ್ಲ ಅದೇ ಗೇಮ್ ಬೇರೆ ಸ್ಟೇಜಿನಿಂದಲೋ ಜಾಸ್ತಿ ಲೈಫಿನಿಂದಲೋ ಶುರುವಾಗುವುದು, ಹೆಸರು ಮಾತ್ರ ಹೊಸತು. ಹಾಗಾಗಿ ಮೊದಲ ಕೆಲಸ, ಆ ಲಿಸ್ಟನ್ನು ನಂಬಬೇಡಿ. ಮೊದಲ ಒಂದೆರಡು ಪೇಜ್ ನೋಡಿ, ಕಾಡುಮನುಷ್ಯ ಅಂತ ನಾವು ಹೇಳುವ ಗೇಮ್ ಎರಡನೇ ಸಲ ಬಂತು ಅಂತಾದ್ರೆ ಅಲ್ಲಿಗೆ ಸ್ಟಾಕ್ ಖಾಲಿ ಅಂತಲೇ ಲೆಕ್ಕ.

ಕಾಸರಗೋಡಿನ ನಮ್ಮ ಬದಿಯಡ್ಕ ಕಡೆ ಈ ಮಿಷನ್ ಬಂದದ್ದು ಹೆಚ್ಚಾಗಿ ಗಲ್ಫಿನಿಂದ. ರಜೆಯಲ್ಲಿ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಪುಡಿ, ಅತ್ತರು, ಕೊಡಲಿ ಚಿತ್ರದ ನೋವಿನ ಎಣ್ಣೆ, ಅವುಗಳ ಅಡಿಯಲ್ಲಿ ಬಟ್ಟೆ ಸುತ್ತಿಟ್ಟ ಟಿವಿ ಗೇಮ್. ನಮ್ಮ ದೇಶದ್ದೇ ಲಿಟಲ್ ಮಾಸ್ಟರ್ ಅಂತ ಒಂದಿತ್ತು, ಅದೂ ಕೆಲವರ ಮನೆಯಲ್ಲಿ ಉಂಟು. ಹೆಸರು ಎಂತದೇ ಇರ್ಲಿ, ಒಳಗಿನ ಜೀವ ಒಂದೇ, 1983ರ ಜುಲೈಯಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ತಂದ ಫ್ಯಾಮಿಕಾಮ್‌ನ ನಕಲು. ಆ ಫ್ಯಾಮಿಕಾಮ್‌ಗೆ ಇದ್ದ ಕೆಲಸದ ಮೆಮೊರಿ 2 ಕೆಬಿ. ಇಡೀ ಸೂಪರ್ ಮಾರಿಯೋ ಗೇಮ್ 40 ಕೆಬಿ, ಅಂದ್ರೆ ಬೆಳಗ್ಗೆ ವಾಟ್ಸಾಪಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋಗಿಂತ ಸಣ್ಣದು.

ಈಗ ಅಟ್ಟದಿಂದ ಇಳಿಸಿದ ಮೇಲೆ ಎಂತ ಮಾಡ್ಬೇಕು ಅಂತ ಹೇಳ್ತೇನೆ. ಕೂಡಲೇ ಕರೆಂಟು ಕೊಡ್ಬೇಡಿ. ಮೊದಲು ಎಲ್ಲ ತೂತುಗಳನ್ನು ಟಾರ್ಚ್ ಹಾಕಿ ನೋಡಿ. ನಮ್ಮದರ ಅಡಾಪ್ಟರ್ ಹಾಕುವ ತೂತಿನಲ್ಲಿ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು, ಕಡ್ಡಿಯಲ್ಲಿ ಕೆರೆದು ತೆಗೀಲಿಕ್ಕೆ ಅರ್ಧ ಗಂಟೆ ಹೋಯ್ತು.

ಆಮೇಲೆ ಅಡಾಪ್ಟರ್. ಇಲ್ಲಿ ಸ್ವಲ್ಪ ನಿಧಾನ, ಯಾಕಂದ್ರೆ ನಾನು ಕೆಟ್ಟದ್ದೇ ಇಲ್ಲಿ. ಮಿಷನಿನ ಅಡಿಯಲ್ಲಿ ಸ್ಟಿಕ್ಕರ್ ಇರುತ್ತದೆ, ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ, ಕೆಲವಕ್ಕೆ 5. ಅದರ ಪಕ್ಕದಲ್ಲಿ ಒಂದು ಸಣ್ಣ ಚಿತ್ರ, ನಡುವೆ ಚುಕ್ಕೆ, ಸುತ್ತ ಅರ್ಧ ಉಂಗುರ, ಒಂದಕ್ಕೆ ಪ್ಲಸ್ ಇನ್ನೊಂದಕ್ಕೆ ಮೈನಸ್. ಅಸಲಿ ಫ್ಯಾಮಿಕಾಮಲ್ಲಿ ನಡುವೆ ಮೈನಸ್, ಈಗ ಮನೆಯಲ್ಲಿರುವ ವೈಫೈ ಪೆಟ್ಟಿಗೆಯ ಅಡಾಪ್ಟರಲ್ಲಿ ಸಾಧಾರಣ ನಡುವೆ ಪ್ಲಸ್, ವೋಲ್ಟೂ 12. ಪಿನ್ನು ಮಾತ್ರ ಸರೀ ಕೂರುತ್ತದೆ, ಅದೇ ಮೋಸ. ನಾನು ಹಾಕಿ ಸ್ವಿಚ್ ಒತ್ತಿದೆ, ಸುಟ್ಟ ವಾಸನೆ ಬಂತು, ಒಳಗೆ 7805 ಅಂತ ಮೂರು ಕಾಲಿನ ಒಂದು ಐಸಿ ಇರುತ್ತದೆ, 9 ವೋಲ್ಟನ್ನು 5 ಮಾಡಿ ಕೊಡುವುದು ಅದರ ಕೆಲಸ, ಅದು ಹೋಯ್ತು. ಪೇಟೆಯಲ್ಲಿ ರಿಪೇರಿಯವರು ಬೇರೆ ಹಾಕಿ ಕೊಟ್ಟರು, ಜೊತೆಗೆ ಸಣ್ಣದೊಂದು ನಗೆಯನ್ನೂ. ಹಾಗಾಗಿ ಸ್ಟಿಕ್ಕರ್ ಓದಿ, ಅಳಿಸಿ ಹೋಗಿದ್ರೆ ರಿಪೇರಿ ಅಂಗಡಿಯಲ್ಲಿ ತೋರಿಸಿಯೇ ಅಡಾಪ್ಟರ್ ತನ್ನಿ.

ಮೂರನೇದು ಕ್ಯಾಸೆಟ್. ಆಡದಿದ್ದಾಗ ತೆಗೆದು ಫೂ ಫೂ ಅಂತ ಊದಿ ಹಾಕುವುದು ನಮಗೆಲ್ಲ ಹುಟ್ಟಿನಿಂದಲೇ ಬಂದ ವಿದ್ಯೆ. ಊದಿದ್ರಿಂದ ಸರಿಯಾದದ್ದಲ್ಲ ಅದು, ತೆಗೆದು ಪುನಃ ಹಾಕಿದಾಗ ಪಿನ್ನು ಹೊಸದಾಗಿ ತಾಗುತ್ತದೆ, ಅಷ್ಟೇ. ಬಾಯಿಯ ಹಬೆ ತಾಮ್ರದ ಪಟ್ಟಿಗೆ ಕಿಲುಬು ಹಿಡಿಸುತ್ತದೆ, ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುವ ನಮ್ಮ ಊರಿಗೆ ಹೊರಗಿನಿಂದ ಇನ್ನಷ್ಟು ತೇವ ಬೇಕಾ? ಕಿವಿಗೆ ಹಾಕುವ ಬಡ್ಸ್ ತಗೊಳ್ಳಿ, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ ಪಟ್ಟಿಯನ್ನು ಉಜ್ಜಿ, ಬಡ್ಸ್ ಕಪ್ಪಾಗುವುದು ನಿಂತ ಮೇಲೆ ಹತ್ತು ನಿಮಿಷ ಒಣಗ್ಲಿಕ್ಕೆ ಬಿಡಿ. ತುಂಬ ಕಪ್ಪಿದ್ರೆ ಶಾಲೆ ಮಕ್ಕಳ ಬಿಳಿ ರಬ್ಬರಲ್ಲಿ ಮೆಲ್ಲ ಉಜ್ಜಬಹುದು. ರಿಮೋಟಿನ ಬಟನ್ ಒತ್ತಿದ್ರೂ ಮಾರಿಯೋ ಹಾರದಿದ್ರೆ ಅದರ ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿನ ಕಪ್ಪು ರಬ್ಬರ್ ಬಟನಿಗೂ ಇದೇ ಮದ್ದು. ಹೊಸ ಕ್ಯಾಸೆಟ್ ಆನ್‌ಲೈನಲ್ಲಿ ತರಿಸುವವರು ಒಂದು ನೋಡಿಕೊಳ್ಳಿ, ನಮ್ಮ ಮಿಷನಿಗೆ 60 ಪಿನ್ನಿನದ್ದೇ ಬೇಕು, ಅಮೆರಿಕದಲ್ಲಿ ಮಾರಿದ್ದು 72 ಪಿನ್ನಿನದ್ದು, ಅದು ತೂತಿಗೇ ಹೋಗುವುದಿಲ್ಲ.

ಟಿವಿಗೆ ಹಳದಿ ವಯರು ಚಿತ್ರಕ್ಕೆ, ಬಿಳಿ ಸೌಂಡಿಗೆ, ಇದು ಎಲ್ಲರಿಗೂ ಗೊತ್ತುಂಟು. ಹೊಸ ಟಿವಿಯಲ್ಲಿ ಆ ತೂತೇ ಇಲ್ಲದಿದ್ರೆ ಎವಿಯಿಂದ ಎಚ್‌ಡಿಎಂಐ ಮಾಡುವ ಒಂದು ಪುಟ್ಟ ಡಬ್ಬಿ ಸಿಗುತ್ತದೆ, ಅದಕ್ಕೆ ಬೇರೆಯೇ ಯುಎಸ್‌ಬಿ ಕರೆಂಟು ಕೊಡ್ಬೇಕು, ಕೊಡದೆ ಹಾಳಾಗಿದೆ ಅಂತ ವಾಪಸ್ ಕಳಿಸಿದವರನ್ನು ನಾನು ನೋಡಿದ್ದೇನೆ. ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಇದ್ರೆ ಹಾಕಿ, ಇಲ್ಲದಿದ್ರೆ ಬಟನ್ ಒತ್ತಿದ ಮೇಲೆ ಸ್ವಲ್ಪ ತಡೆದು ಹಾರುವುದು, ಅಷ್ಟರಲ್ಲಿ ಗುಂಡಿಗೆ ಬಿದ್ದಾಗಿರುತ್ತದೆ. ಹಳೇ ಡಬ್ಬ ಟಿವಿ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ರೆ ಪುಣ್ಯ. ಆದ್ರೆ ಅದರ ಹಿಂದಿನ ಮುಚ್ಚಳ ಮಾತ್ರ ನೀವೇ ಬಿಚ್ಚಲಿಕ್ಕೆ ಹೋಗ್ಬೇಡಿ, ಪಿನ್ನು ಕಿತ್ತ ಮೇಲೂ ಒಳಗೆ ಸಾವಿರಗಟ್ಟಲೆ ವೋಲ್ಟ್ ಕೂತಿರುತ್ತದೆ.

ಇನ್ನು ಗೇಮ್. ಯಾವುದು ಬೆಸ್ಟ್ ಅಂತ ಕೇಳಿದ್ರೆ ಎಲ್ಲರೂ ಮಾರಿಯೋ ಅಂತಾರೆ. ನನ್ನ ಲೆಕ್ಕವೇ ಬೇರೆ, ಇಬ್ಬರು ಒಟ್ಟಿಗೆ ಒಂದೇ ಸಲ ಆಡುವ ಗೇಮ್ ಮೇಲೆ, ಒಬ್ಬ ಆಡುವಾಗ ಇನ್ನೊಬ್ಬ ಬಾಯಿ ನೋಡಿ ಕೂರುವ ಗೇಮ್ ಕೆಳಗೆ. ಮಾರಿಯೋ ಪಾರ್ಟಿಯವರು ಬೈಯ್ಲಿಕ್ಕುಂಟು, ಬೈಯಲಿ.

ಹಾಗಾಗಿ ಶುರು ಮಾಡ್ಬೇಕಾದ್ದು ಟ್ಯಾಂಕಿನಿಂದ. ಅಸಲಿ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪೆನಿ 1985ರಲ್ಲಿ ಮಾಡಿದ್ದು, 35 ಸ್ಟೇಜ್, ಒಂದೊಂದರಲ್ಲಿ ವೈರಿಯ 20 ಟ್ಯಾಂಕ್. ಕೆಳಗೆ ನಡುವೆ ಇಟ್ಟಿಗೆಯ ಗೋಡೆಯೊಳಗೆ ಒಂದು ಹದ್ದು ಕೂತಿದೆ, ಅದಕ್ಕೆ ಗುಂಡು ತಾಗಿದ್ರೆ ನಿಮಗೆ ಎಷ್ಟು ಲೈಫ್ ಇದ್ರೂ ಗೇಮ್ ಮುಗೀತು, ಮಜಾ ಎಂತ ಅಂದ್ರೆ ನಿಮ್ಮದೇ ಗುಂಡು ತಾಗಿದ್ರೂ ಮುಗೀತು. ಹಿಂದೆ ನಮ್ಮಲ್ಲಿ ಆಡುವಾಗ ನಾನು ಹಕ್ಕಿ ಹಕ್ಕಿ ಅಂತ, ಪಕ್ಕದ ಮನೆಯವನು ಪಕ್ಷಿ ಪಕ್ಷಿ ಅಂತ ಮಲಯಾಳದಲ್ಲಿ, ಮೇಲಿನ ಮನೆಯವನು ಪಕ್ಕಿ ಪಕ್ಕಿ ಅಂತ ತುಳುವಿನಲ್ಲಿ ಬೊಬ್ಬೆ ಹೊಡೆಯುವುದು, ಮೂರೂ ಸೇರಿ ಹಕ್ಕಿ ಉಳಿದದ್ದು ಕಮ್ಮಿ. ಆಡುವ ಕ್ರಮ ಹೀಗೆ, ಒಬ್ಬ ಹದ್ದಿನ ಹತ್ರವೇ ನಿಲ್ಲಬೇಕು, ಇನ್ನೊಬ್ಬ ಮೇಲೆ ಹೋಗಿ ಹೊಡೀಬೇಕು. ಮಿನುಗುವ ಟ್ಯಾಂಕಿಗೆ ಹೊಡೆದ್ರೆ ಎಂತಾದ್ರೂ ಒಂದು ವರ ಬೀಳುತ್ತದೆ. ನಕ್ಷತ್ರ ಮೂರು ತಿಂದ್ರೆ ನಿಮ್ಮ ಗುಂಡು ಉಕ್ಕಿನ ಗೋಡೆಯನ್ನೂ ಒಡೆಯುತ್ತದೆ, ಗಡಿಯಾರ ಸಿಕ್ಕಿದ್ರೆ ವೈರಿಗಳೆಲ್ಲ ನಿಂತಲ್ಲೇ ನಿಲ್ತಾರೆ, ಹಾರೆ ಥರದ್ದು ಸಿಕ್ಕಿದ್ರೆ ಹದ್ದಿನ ಸುತ್ತ ಸ್ವಲ್ಪ ಹೊತ್ತು ಉಕ್ಕಿನ ಗೋಡೆ ಬರುತ್ತದೆ. ಜೊತೆಗಾರನಿಗೆ ಗುಂಡು ಹೊಡೆದ್ರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಅಲ್ಲಾಡ್ಲಿಕ್ಕಾಗದೆ ನಿಲ್ತಾನೆ. ಜಗಳ ಶುರುವಾಗುವುದೇ ಅಲ್ಲಿಂದ.

ಮೆನುವಿನ ಮೂರನೇ ಸಾಲು ಕನ್‌ಸ್ಟ್ರಕ್ಷನ್, ಹೆಚ್ಚಿನವರು ಅದನ್ನು ಮುಟ್ಟಲೇ ಇಲ್ಲ. ಅದರಲ್ಲಿ ಮ್ಯಾಪನ್ನು ನೀವೇ ಕಟ್ಟಬಹುದು, ಎ ಬಟನ್ ಒತ್ತಿ ಒತ್ತಿ ಇಟ್ಟಿಗೆ, ಉಕ್ಕು, ನೀರು, ಕಾಡು ಬದಲಾಯಿಸಿ. ಅಕ್ಕನ ಮಗ ಹದ್ದಿನ ಸುತ್ತ ಉಕ್ಕು, ಅದರ ಸುತ್ತ ನೀರು, ನೀರಿನ ಸುತ್ತ ಕಾಡು ಹಾಕಿ ಬೇಕಲ ಕೋಟೆ ಅಂತ ಹೆಸರಿಟ್ಟ. ನಾನು ಸೆಲೆಕ್ಟ್ ಒತ್ತುವಲ್ಲಿ ರೀಸೆಟ್ ಒತ್ತಿದೆ, ಕೋಟೆ ಹೋಯ್ತು, ಒಂದು ಗಂಟೆ ಮಾತಿಲ್ಲ.

ಎರಡನೇದು ಕಾಂಟ್ರಾ. ಕೊನಾಮಿಯವರದ್ದು, 1987ರಲ್ಲಿ ಆರ್ಕೇಡ್, ಅಂದ್ರೆ ನಾಣ್ಯ ಹಾಕಿ ಆಡುವ ದೊಡ್ಡ ಮಿಷನಿಗೆ, 1988ರಲ್ಲಿ ಮನೆಗೆ. ಮೂರು ಲೈಫಲ್ಲಿ ಅದನ್ನು ಮುಗಿಸಿದವರು ದೇವರ ಸಮಾನ, ನಮ್ಮಂಥವರಿಗೆ 30 ಲೈಫಿನ ಕೋಡ್ ಉಂಟು, ಟೈಟಲ್ ಬಂದಾಗ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ, ಇಬ್ಬರಾದ್ರೆ ಸೆಲೆಕ್ಟ್, ಮತ್ತೆ ಸ್ಟಾರ್ಟ್. ನಕಲಿ ರಿಮೋಟಲ್ಲಿ ಮೇಲಿನ ಎರಡು ಬಟನ್ ಟರ್ಬೋ, ಅದನ್ನು ಒತ್ತಿದ್ರೆ ಒಂದೇ ಒತ್ತಿಗೆ ನಾಲ್ಕು ಸಲ ಒತ್ತಿದಂತೆ ಹೋಗಿ ಕೋಡ್ ತಪ್ಪುತ್ತದೆ, ಕೆಳಗಿನದ್ದನ್ನೇ ಒತ್ತಿ. ಈ ಕೋಡ್ ಮಾಡಿದವರು ಕಾಝುಹಿಸಾ ಹಾಶಿಮೊಟೊ, 1986ರಲ್ಲಿ ಗ್ರೇಡಿಯಸ್ ಅನ್ನುವ ಗೇಮನ್ನು ಟೆಸ್ಟ್ ಮಾಡುವಾಗ ಅವರಿಗೇ ಅದು ಮುಗಿಸ್ಲಿಕ್ಕೆ ಆಗದೆ ತಮಗಾಗಿ ಇಟ್ಟುಕೊಂಡದ್ದು! 2020ರಲ್ಲಿ ತೀರಿಕೊಂಡ್ರು. ಎಸ್ ಅಂತ ಬರೆದ ಗುಂಡು ಸಿಕ್ಕಿದ್ರೆ ಮತ್ತೆ ಬೇರೆ ಯಾವ ಅಕ್ಷರವನ್ನೂ ಮುಟ್ಟಬೇಡಿ. ಜಲಪಾತದ ಸ್ಟೇಜಲ್ಲಿ ಇಬ್ಬರೂ ಸಮ ಸಮ ಹತ್ತಬೇಕು, ಒಬ್ಬ ಆಸೆಯಲ್ಲಿ ಮೇಲೆ ಹಾರಿದ್ರೆ ಪರದೆ ಮೇಲೆ ಸರಿದು ಕೆಳಗಿದ್ದವನು ಸಾಯ್ತಾನೆ, ಅಣ್ಣ ತಮ್ಮಂದಿರ ಎಷ್ಟೋ ಪೆಟ್ಟಿಗೆ ಈ ಜಲಪಾತ ಕಾರಣ.

ಮೂರನೇದು ಬಲೂನ್ ಫೈಟ್, 1985. ಬೆನ್ನಿಗೆ ಎರಡು ಬಲೂನ್ ಕಟ್ಟಿಕೊಂಡು ಹಾರುವುದು, ನೀರಿನ ಹತ್ರ ಇಳಿದ್ರೆ ಮೀನು ಬಂದು ಗಬಕ್ಕನೆ ನುಂಗುತ್ತದೆ. ಇದರ ಪ್ರೋಗ್ರಾಂ ಬರೆದವರು ಸಟೋರು ಇವಾಟ, ಆಮೇಲೆ ನಿಂಟೆಂಡೊ ಕಂಪೆನಿಗೇ ಅಧ್ಯಕ್ಷರಾದ್ರು. ಅಮ್ಮನಿಗೆ ಅರ್ಥವಾದ ಒಂದೇ ಗೇಮ್ ಇದು.

ಮಾರಿಯೋ ನಾಲ್ಕನೇದು. ಇಬ್ಬರು ಆಡ್ಬಹುದು, ಆದ್ರೆ ಒಬ್ಬ ಸತ್ತ ಮೇಲೆ ಇನ್ನೊಬ್ಬ. 8 ಲೋಕ, ಒಂದೊಂದರಲ್ಲಿ 4, ಒಟ್ಟು 32 ಸ್ಟೇಜ್. ಅಷ್ಟು ಪುರುಸೊತ್ತಿಲ್ಲದವರು 1-2ರ ಕೊನೆಯಲ್ಲಿ ಮಾಡಿನ ಮೇಲೆ ಹತ್ತಿ ಹೊರಗೆ ಹೋಗುವ ಪೈಪನ್ನೂ ದಾಟಿ ಓಡಿ, 4ನೇ ಲೋಕಕ್ಕೆ ಪೈಪ್ ಸಿಗುತ್ತದೆ, ಅಲ್ಲಿ 4-2ರಲ್ಲಿ ಕಾಣದ ಇಟ್ಟಿಗೆಗಳ ಮೇಲೆ ಹತ್ತಿ ಬಳ್ಳಿ ಹುಡುಕಿದ್ರೆ ನೇರ 8. ಲೈಫ್ ಎಲ್ಲ ಮುಗಿದ್ರೆ ಎ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿ, ಸತ್ತ ಲೋಕದ ಮೊದಲಿನಿಂದ ಶುರುವಾಗುತ್ತದೆ, ಇದು ಗೊತ್ತಿಲ್ಲದೆ ನಾನು ಎಷ್ಟು ರಜೆ ಕಳೆದೆ ಅಂತ ನೆನೆಸಿದ್ರೆ ಹೊಟ್ಟೆ ಉರಿಯುತ್ತದೆ. ಹಾಂ, ಮೋಡವನ್ನೂ ಪೊದೆಯನ್ನೂ ಸರಿಯಾಗಿ ನೋಡಿ, ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಜಾಗ ಉಳಿಸ್ಲಿಕ್ಕೆ ಮಾಡಿದ್ದು.

ಬಾತುಕೋಳಿಗೆ ಗುಂಡು ಹೊಡೆಯುವ ಡಕ್ ಹಂಟ್, 1984ರದ್ದು, ಡಬ್ಬ ಟಿವಿ ಇದ್ರೆ ಮಾತ್ರ. ಗನ್ನಿನಿಂದ ಎಂತದೂ ಹೊರಗೆ ಹೋಗುವುದಿಲ್ಲ, ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಬರುತ್ತದೆ, ಗನ್ನಿನ ಮೂತಿಯೊಳಗಿನ ಕಣ್ಣು ಆ ಬಿಳಿಯನ್ನು ಕಂಡ್ರೆ ಕೋಳಿ ಬಿತ್ತು. ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಬರುವ ಕಾರಣ ಲೆಕ್ಕ ತಪ್ಪಿ ನಾಯಿ ನಗುತ್ತಲೇ ಇರುತ್ತದೆ. ಒಂದು ಕೋಳಿ ಬರುವ ಗೇಮ್ ಎ ಹಾಕಿದ್ರೆ, ಇನ್ನೊಬ್ಬ ರಿಮೋಟ್ ಹಿಡಿದು ಕೋಳಿಯನ್ನು ತನಗೆ ಬೇಕಾದಂತೆ ಹಾರಿಸ್ಬಹುದು. ಹೊಡೆಯುವವನಿಗೆ ಹೇಳದೆ ಮಾಡಿ.

ಕಾರ್ ಗೇಮ್ ಅಂತ ನಾವು ಹೇಳುವ ರೋಡ್ ಫೈಟರ್, ಬೈಕಿನ ಎಕ್ಸೈಟ್‌ಬೈಕ್, ಸಿಂಹದ ಮೇಲೆ ಕೂತು ಬೆಂಕಿ ಉಂಗುರ ದಾಟುವ ಸರ್ಕಸ್, ಕಾಡುಮನುಷ್ಯ, ಇವೆಲ್ಲ ಒಬ್ಬರೇ ಇದ್ದಾಗಿನ ಮಧ್ಯಾಹ್ನಕ್ಕೆ. ಬೈಕಲ್ಲಿ ಬಿ ಒತ್ತಿದ್ರೆ ಜೋರು, ಎಂಜಿನ್ ಬಿಸಿಯಾಗಿ ನಿಲ್ಲುವ ಮೊದಲು ನೆಲದಲ್ಲಿ ಬಾಣದ ಗುರ್ತು ಇದ್ದಲ್ಲಿ ಓಡಿಸಿ, ತಂಪಾಗುತ್ತದೆ.

ಆಡಿ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿಯೇ ಕ್ಯಾಸೆಟ್ ತೆಗೆಯಿರಿ. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾದ ಪುಟ್ಟ ಪೊಟ್ಟಣ ಬಿಸಾಡದೆ ನಾಲ್ಕೈದು ಸೇರಿಸಿ, ಗಾಳಿ ಹೋಗದ ಡಬ್ಬಿಯಲ್ಲಿ ಕ್ಯಾಸೆಟಿನ ಜೊತೆ ಇಡಿ, ಜೂನಲ್ಲಿ ಹಿಡಿಯುವ ಬೂಷ್ಟಿಗೆ ಇದೇ ದಾರಿ. ತುಲಾ ತಿಂಗಳ ಸಿಡಿಲಿಗೆ ಎಲ್ಲ ಪಿನ್ನೂ ಕಿತ್ತಿಡಿ. ಟ್ಯಾಂಕ್ ಆಡುವಾಗ ನಡುವೆ ಕರೆಂಟು ಹೋದ್ರೆ ಮೊದಲಿನಿಂದ ಆಡ್ಬೇಕಂತ ಇಲ್ಲ, ಶುರುವಲ್ಲಿ ಸ್ಟೇಜ್ 1 ಅಂತ ತೋರಿಸುವಾಗ ಎ ಒತ್ತುತ್ತಾ ಹೋದ್ರೆ ನಂಬ್ರ ಏರುತ್ತದೆ, ಬೇಕಾದಲ್ಲಿ ಸ್ಟಾರ್ಟ್ ಕೊಡಿ. ಎಷ್ಟನೇ ಸ್ಟೇಜ್ ಅಂತ ಎಲ್ಲಾದ್ರೂ ಬರೆದಿಡಬೇಕು, ಅಷ್ಟೇ. ನಮ್ಮ ಅಡಿಗೆ ಕೋಣೆಯ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಕೆಳಗೆ ಈಗ 23 ಅಂತ ಉಂಟು, ಅಮ್ಮ ಅದನ್ನೂ ಲೀಟರ್ ಅಂತ ಕೂಡಿಸಿ ಹಾಲಿನವರ ಹತ್ರ ವಾದಕ್ಕೆ ಹೋಗಿದ್ರು.