ಚಿಕ್ಕಮಗಳೂರಲ್ಲಿ ಕಾಫಿಪುಡಿ ಅಂಗಡಿ ಇಡ್ತೀರಾ? ಮೊದ್ಲು ಈ ಲೆಕ್ಕ ಹಾಕಿ

ಬೆಂಗಳೂರಿನ ಕೆಲ್ಸ ಬಿಟ್ಟು ಊರಿಗೆ ವಾಪಸ್ ಬಂದವ್ರಿಗೆ ಹೊಳೆಯೋದು ಎರಡೇ, ಒಂದು ಹೋಮ್‌ಸ್ಟೇ, ಇಲ್ಲಾಂದ್ರೆ ಕಾಫಿಪುಡಿ. ಹೋಮ್‌ಸ್ಟೇಗೆ ಜಾಗ ಬೇಕು, ಪುಡಿಗಾದ್ರೆ ಒಂದು ಮಳಿಗೆ, ಒಂದು ರೋಸ್ಟರ್ರು, ಒಂದು ಗ್ರೈಂಡರ್ ಇದ್ರೆ ಆಯ್ತು ಅನ್ಸುತ್ತೆ. ಆದ್ರೆ ಬೀಜದ ರೇಟಿಗೆ ಸ್ವಲ್ಪ ಸೇರ್ಸಿ ಪುಡಿ ರೇಟು ಹಾಕೋರೇ ಜಾಸ್ತಿ, ಅಲ್ಲೇ ಎಡವಟ್ಟಾಗೋದು.

ಹಂಗಾಗಿ ಮೊದ್ಲು ಬೆಲೆ ಕಟ್ಟೋದು ಕಲೀರಿ. ಬೀಜ ಹುರಿದ್ರೆ ತೂಕ ಇಳಿಯುತ್ತೆ, ಹೆಚ್ಚುಕಮ್ಮಿ ನೂರಕ್ಕೆ 15ರಿಂದ 20ರಷ್ಟು, ಕಪ್ಪಗೆ ಹುರಿದಷ್ಟೂ ಜಾಸ್ತಿ. ಲೆಕ್ಕಕ್ಕೆ ಕ್ಲೀನ್ ಬೀಜ (ಸಿಪ್ಪೆ ತೆಗೆದ, ಇನ್ನೂ ಹುರಿಯದ ಬೀಜ) ಕೆ.ಜಿ.ಗೆ 400 ಅಂತ ಇಟ್ಕೊಳ್ಳಿ, 10 ಕೆ.ಜಿ.ಗೆ 4,000 ಕೊಟ್ಟು ಹುರಿದು ಇಳಿಸಿದಾಗ ತಕ್ಕಡೀಲಿ ಬರೋದು 8 ಕೆ.ಜಿ., ಅಂದ್ರೆ ಇನ್ನೂ ಪುಡಿನೇ ಮಾಡಿಲ್ಲ ಆಗ್ಲೇ ಕೆ.ಜಿ.ಗೆ 500 ಆಯ್ತು. ಅದಕ್ಕೆ ಕೆ.ಜಿ.ಗೆ 200ರ ಚಿಕೋರಿ (ಕಾಫಿಗೆ ಬೆರೆಸೋ ಹುರಿದ ಬೇರು) 2 ಕೆ.ಜಿ. ಬೆರೆಸಿದ್ರೆ 80-20 ಬ್ಲೆಂಡು, ಕೆ.ಜಿ.ಗೆ 440. (ಚಿಕೋರಿ ಎಷ್ಟು ಬೇಕಾದ್ರೂ ಸುರಿಯೋ ಹಂಗಿಲ್ಲ, ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಲೇಬೇಕು, ಯಾವ್ದು ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕ್ಲೇಬೇಕು.)

ಈಗ ಖರ್ಚು ಹಂಚಿ. ಬಾಡಿಗೆ 8,000, ಹುಡುಗನ ಸಂಬಳ 12,000, ಕರೆಂಟು 2,000, ಒಟ್ಟು 22,000 ಅಂದ್ಕೊಳ್ಳಿ. ತಿಂಗಳಿಗೆ 200 ಕೆ.ಜಿ. ಹೋದ್ರೆ ಕೆ.ಜಿ. ಮೇಲೆ 110 ಬೀಳುತ್ತೆ, 100 ಕೆ.ಜಿ.ನೇ ಹೋದ್ರೆ 220. ಅದೇ ಪುಡಿ, ಒಂದು ಕಡೆ 550, ಇನ್ನೊಂದು ಕಡೆ 660. ಇದ್ರಲ್ಲಿ ಪೌಚಿನ ದುಡ್ಡೂ ಇಲ್ಲ, ನಿಮ್ಮ ಸ್ವಂತ ಸಂಬಳವೂ ಇಲ್ಲ! ಚಿಕ್ಕಮಗಳೂರಿನ ಎಂ.ಜಿ. ರೋಡಲ್ಲಿ ಹಳೇ ಅಂಗಡಿಯವ್ರು ಕಡಿಮೆಗೆ ಕೊಡ್ತಾರೆ ಅಂತ ನೀವೂ ಇಳಿಸೋಕೆ ಹೋಗ್ಬೇಡಿ, ಅವ್ರಿಗೆ ಓಡೋ ಪುಡಿನೇ ಬೇರೆ, ಮಳಿಗೆನೂ ಸ್ವಂತದ್ದಿರುತ್ತೆ.

ಕಾಗದಪತ್ರ ದೊಡ್ಡ ವಿಷ್ಯ ಅಲ್ಲ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸ್ರು ಬರೆಸೋದು) ಆನ್‌ಲೈನಲ್ಲಿ ಫ್ರೀ, ಆಧಾರ್ ಪ್ಯಾನ್ ಇದ್ರೆ ಸಾಕು, ಯಾವ ಏಜೆಂಟಿಗೂ ದುಡ್ಡು ಕೊಡ್ಬೇಡಿ. ಎಫ್‌ಎಸ್‌ಎಸ್‌ಎಐ ನಂಬರ್ (ತಿನ್ನೋ-ಕುಡಿಯೋ ಪದಾರ್ಥ ಮಾರೋಕೆ ಬೇಕಾದ ಸರ್ಕಾರಿ ನೋಂದಣಿ) ಮಾಡಿಸಿ, ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆ ಸೀಲು ಹಾಕಿಸಿ. ಇನ್ನೊಂದು, ಚಂದ ಕಾಣುತ್ತೆ ಅಂತ ಪೌಚಿನ ಮೇಲೆ ಚಿಕ್ಕಮಗಳೂರು ಅರೇಬಿಕಾ ಅಂತ ಅಚ್ಚು ಹಾಕಿಸ್ಬೇಡಿ, ಅದಕ್ಕೆ 2019ರಲ್ಲೇ ಜಿಐ ಟ್ಯಾಗ್ (ಆ ಜಾಗದ ಬೆಳೆಗೇ ಸಲ್ಲೋ ಹೆಸ್ರು ಅನ್ನೋ ಗುರುತು) ಸಿಕ್ಕಿದೆ, ಒಳಗಡೆ ಬೇರೆ ಜಾತಿಯ ರೋಬಸ್ಟಾ ತುಂಬಿ ಹೊರಗಡೆ ಆ ಹೆಸ್ರು ಹಾಕಿದ್ರೆ ಮರ್ಯಾದೆನೂ ಅಲ್ಲ.

ಜಿಎಸ್‌ಟಿ ವಿಷ್ಯಕ್ಕೆ ಸ್ವಲ್ಪ ಟೈಮ್ ಕೊಡಿ. ಬರೀ ಪುಡಿ ಮಾರಿದ್ರೆ ವರ್ಷಕ್ಕೆ 40 ಲಕ್ಷದವರೆಗೆ ರಿಜಿಸ್ಟ್ರೇಷನ್ ಬೇಡ. ಆದ್ರೆ ಮುಳ್ಳಯ್ಯನಗಿರಿ ಮುಗಿಸ್ಕೊಂಡು ಬರೋ ಟೂರಿಸ್ಟರಿಗೆ ಅಂತ ಬಾಗಿಲಲ್ಲೇ ಬಿಸಿ ಕಾಫಿನೂ ಕೊಡೋಕೆ ಶುರು ಮಾಡಿದ್ರೋ, ಅದು ಸರ್ವಿಸ್ ಆಯ್ತು, ಮಿತಿ 20 ಲಕ್ಷಕ್ಕೆ ಇಳಿಯುತ್ತೆ. ಚೆನ್ನೈ ಗಿರಾಕಿ ಫೋನ್ ಮಾಡಿ ಎರಡು ಕೆ.ಜಿ. ಕೊರಿಯರ್ ಮಾಡಿ ಅಂದ್ರೆ ಹೊರ ರಾಜ್ಯದ ವ್ಯಾಪಾರ, ಆಗ ಎಷ್ಟೇ ಕಮ್ಮಿ ಇದ್ರೂ ರಿಜಿಸ್ಟ್ರೇಷನ್ ಬೇಕೇ ಬೇಕು. ಮಿತಿ ನೋಡೋದು ಲಾಭಕ್ಕಲ್ಲ, ಒಟ್ಟು ವ್ಯಾಪಾರಕ್ಕೆ. 2025ರ ಜುಲೈನಲ್ಲಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆಲ್ಲ ನೋಟಿಸ್ ಬಂದಿದ್ದು ಯುಪಿಐ ಲೆಕ್ಕ ನೋಡಿನೇ ಅಲ್ವಾ. ಅದಕ್ಕೇ ಅಂಗಡಿಗೆ ಬೇರೆ ಅಕೌಂಟು, ಬೇರೆ ಕ್ಯೂಆರ್ ಇರ್ಲಿ, ಭಾವಮೈದ ವಾಪಸ್ ಕೊಟ್ಟ ಕೈಸಾಲವೂ ಪುಡಿ ದುಡ್ಡೂ ಒಂದೇ ಕಡೆ ಬಿದ್ರೆ ಆಮೇಲೆ ಬಿಡಿಸಿ ಹೇಳೋದು ಕಷ್ಟ.

ಆಮೇಲೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೀಕೆಂಡಲ್ಲಿ ಜನ ಬರ್ತಾರೆ, ಸೋಮವಾರ ಬಂತಂದ್ರೆ ಅಂಗಡೀಲಿ ನೀವೂ ಮಳೆನೂ. ಬಾಡಿಗೆ ಸಂಬಳ ಮಾತ್ರ ನಿಲ್ಲಲ್ಲ. ಆ ನಾಲ್ಕು ತಿಂಗಳ ಖರ್ಚು 88,000, ಅರ್ಧ ವ್ಯಾಪಾರದಲ್ಲೇ ಬಂತು ಅಂದ್ಕೊಂಡ್ರೂ 44,000 ಎತ್ತಿಡ್ಬೇಕು, ಅಂದ್ರೆ ಅಕ್ಟೋಬರಿಂದ ಮೇವರೆಗೆ ತಿಂಗಳಿಗೆ 5,500. ಎಂಟು ತಿಂಗಳಿಗೆ ಒಪ್ಪೋ ಬ್ಯಾಂಕ್ ನೋಡಿ, ತಿಂಗ್ತಿಂಗ್ಳೂ ಇಷ್ಟು ಅಂತ ಕಟ್ಟೋ ಆರ್‌ಡಿ ಮಾಡಿ. ಪೋಸ್ಟಾಫೀಸಿನ ಆರ್‌ಡಿ ಐದು ವರ್ಷದ್ದು, ಇದಕ್ಕೆ ಆಗ್ಬರಲ್ಲ.

ಸಾಲ ಬೇಕೇ ಬೇಕು ಅಂದ್ರೆ ಸಣ್ಣ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆ ನೋಡಿ, ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ಅಡಮಾನ ಕೇಳಲ್ಲ. ಅದ್ರಲ್ಲಿ ಮೆಷಿನ್ ತಗೊಳ್ಳಿ, ಬೀಜ ಬೇಡ. ಕುಯ್ಲಿನ ಟೈಮಲ್ಲಿ ರೇಟು ಇಳಿದಿದೆ ಅಂತ ಸಾಲದ ದುಡ್ಡಲ್ಲಿ ವರ್ಷದ ಬೀಜ ಕೊಂಡು ಗೋಡೆಗೆ ಒರಗಿಸಿಟ್ರೆ, ನಮ್ಮ ಮಳೆಗೆ ಥಂಡಿ ಹಿಡಿದು ಬಣ್ಣ ಬಿಳಚಿಕೊಳ್ಳುತ್ತೆ, ಬಡ್ಡಿ ಮಾತ್ರ ತಿಂಗ್ತಿಂಗ್ಳೂ ಕಟ್ತಾನೇ ಇರ್ಬೇಕು.

ಕೊನೇದಾಗಿ ಹೋಟ್ಲಿನವ್ರು. ವಾರಕ್ಕೆ ಹತ್ತು ಕೆ.ಜಿ. ತಗೋತಾರೆ, ಬಿಡೋಕಾಗಲ್ಲ, ದುಡ್ಡು ಮಾತ್ರ ತಿಂಗ್ಳು ಕಳೆದ್ಮೇಲೆ. ಬಟವಾಡೆ (ತೋಟದಲ್ಲಿ ವಾರದ ಕೂಲಿ ಹಂಚೋದು) ಆದ್ಮೇಲೆ ಕೊಡ್ತೀನಿ ಅನ್ನೋ ತೋಟದ ಗಿರಾಕಿ ಪರ್ವಾಗಿಲ್ಲ, ಆ ವಾರದ್ದು ಆ ವಾರಾನೇ ತೀರುತ್ತೆ. ಹೋಟ್ಲಿಗೆ ಮಾತ್ರ ಶುರುನಲ್ಲೇ ಹೇಳ್ಬಿಡಿ, ಎರಡು ಬಿಲ್ಲು ಬಾಕಿ ಇದ್ರೆ ಮೂರನೇ ಸಲ ಪುಡಿ ಕಳ್ಸಲ್ಲ ಅಣ್ಣಾ ಅಂತ.