ಮಾತ್ರೆ ಬಿಟ್ಟಿದ್ದಾರೆ, ಕೋರ್ಟಿಗೆ ಹೋಗಬೇಕೇ?

"ಮಗ ಮಾತ್ರೆ ಬಿಟ್ಟಿದ್ದಾನೆ. ಕೋರ್ಟಿಂದ ಆರ್ಡರ್ ತಂದರೆ ತಗೊಳ್ತಾನೆ ಅಲ್ವಾ?" ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಯವರ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ನ್ಯೂಯಾರ್ಕ್‌ನಲ್ಲಿ 1999ರಿಂದ ಅಂಥ ಕಾನೂನಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇಲ್ಲ. ವಕೀಲರ ಫೀಸಿಗೆ ದುಡ್ಡು ಹೊಂದಿಸುವ ಮೊದಲು ಇಷ್ಟು ಮಾಡಿ.

ಮೊದಲು, ಯಾಕೆ ಬಿಟ್ಟರು ಅಂತ ಕೇಳಿ. ಗದರಬೇಡಿ. ಕೈ ನಡುಗುವುದು, ಮೈ ದಪ್ಪವಾಗುವುದು, ಹಗಲೆಲ್ಲ ತೂಕಡಿಕೆ, ಇವು ನೆಪಗಳಲ್ಲ. ಡಾಕ್ಟರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ದಿನಾ ನುಂಗುವುದೇ ಕಷ್ಟವಾದರೆ ಕೆಲವರಿಗೆ ತಿಂಗಳಿಗೊಂದು ಇಂಜೆಕ್ಷನ್ ಆಗುತ್ತದೆ. ಅವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ನೀವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಊಟದಲ್ಲಿ ಮಾತ್ರೆ ಬೆರೆಸಲು ಮಾತ್ರ ಹೋಗಬೇಡಿ. ಗೊತ್ತಾದ ದಿನ ನೀವು ಬಡಿಸಿದ ಅನ್ನವನ್ನೂ ಅವರು ನಂಬುವುದಿಲ್ಲ.

ತಮಗೇ ಅಪಾಯ ಮಾಡಿಕೊಳ್ಳುವ, ಬೇರೆಯವರ ಮೇಲೆ ಕೈ ಮಾಡುವ ಹಂತ ಬಂದಿದ್ದರೆ ಕಾಯಬೇಡಿ. 112ಕ್ಕೆ ಕರೆ ಮಾಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಹಳೆಯ ಚೀಟಿಗಳ ಜೊತೆ ಅರ್ಧಕ್ಕೆ ಬಿಟ್ಟ ಮಾತ್ರೆ ಸ್ಟ್ರಿಪ್ಪನ್ನೂ ಕವರಿಗೆ ಹಾಕಿಕೊಳ್ಳಿ. ಎಷ್ಟು ಉಳಿದಿವೆ ಅಂತ ಎಣಿಸಿದರೆ ಯಾವಾಗ ಬಿಟ್ಟರು ಅನ್ನುವ ಅಂದಾಜು ಡಾಕ್ಟರಿಗೆ ಸಿಗುತ್ತದೆ.

ರೋಗಿ ನಿರ್ಧಾರ ಮಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಅದೇ 2017ರ ಕಾಯ್ದೆಯ 89ನೇ ಸೆಕ್ಷನ್ ಇದೆ. ಅವರ ಪ್ರತಿನಿಧಿ, ಅಂದರೆ ಅವರೇ ಹೆಸರಿಸಿದವರು, ಹೆಸರಿಸಿಲ್ಲದಿದ್ದರೆ ಸಾಮಾನ್ಯವಾಗಿ ಮನೆಯವರು, ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದವರೆಗೆ ಆಸ್ಪತ್ರೆಗೆ ದಾಖಲಿಸಬಹುದು. ಇದಕ್ಕೆ ಕೋರ್ಟ್ ಬೇಡ.

ಮ್ಯಾಜಿಸ್ಟ್ರೇಟರು ಬರುವುದು ಬೇರೆ ಕಡೆ. ಮನೆಯಲ್ಲಿ ರೋಗಿಯನ್ನು ಹಿಂಸಿಸುತ್ತಿದ್ದರೆ, ನೋಡಿಕೊಳ್ಳದೆ ಬಿಟ್ಟಿದ್ದರೆ, ಯಾರು ಬೇಕಾದರೂ ಠಾಣೆಗೆ ತಿಳಿಸಬಹುದು. ಪೊಲೀಸರು ವರದಿ ಕೊಟ್ಟ ಮೇಲೆ, ಪರೀಕ್ಷೆಗಾಗಿ 10 ದಿನದವರೆಗೆ ಆಸ್ಪತ್ರೆಯಲ್ಲಿಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮನೆಯಲ್ಲಿ ಮಾತ್ರೆ ನುಂಗಿಸುವ ಆದೇಶ ಅಲ್ಲೂ ಸಿಗುವುದಿಲ್ಲ.

ಡಿಸ್ಚಾರ್ಜ್ ಆಗುವ ಮುಂಚೆ ಮುಂದಿನ ಚಿಕಿತ್ಸೆ ಎಲ್ಲಿ, ಯಾರ ಹತ್ತಿರ ಅಂತ ಬರೆಸಿಕೊಳ್ಳಿ. ಆಮೇಲೆ, ಅವರು ಹುಷಾರಾಗಿದ್ದಾಗ ಮುಂಗಡ ನಿರ್ದೇಶನ ಬರೆಸಿ. ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಪ್ರತಿನಿಧಿ ಯಾರು ಅನ್ನುವುದನ್ನು ಅವರೇ ಹೇಳುವ ಪತ್ರ ಅದು. ನನ್ನ ಪ್ರಕಾರ ಕೋರ್ಟ್ ಆದೇಶಕ್ಕಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ, ಅದರಲ್ಲಿರುವುದು ಅವರದೇ ಮಾತು. ಸಾಕ್ಷಿಗಳ ಸಹಿ ಬೇಕು. ನಮೂನೆಗೆ ಆಸ್ಪತ್ರೆಯ ಸೋಶಿಯಲ್ ವರ್ಕರ್‌ರನ್ನು ಕೇಳಿ. ಒಂದು ಪ್ರತಿ ಓಪಿಡಿ ಪುಸ್ತಕದ ಜೊತೆಗೇ ಇರಲಿ.