ಅಂಗಳದಲ್ಲಿ ಟ್ರೇಲರ್ ಸರಿಸೋಕೆ ಮಿನಿ ಟ್ರ್ಯಾಕ್ಟರ್: ನನ್ನ ಅನುಭವ

ನಮ್ಮ ಕಡೆ ಭತ್ತದ ನಾಟಿ ಶುರುವಾಯಿತು ಅಂದರೆ ದೊಡ್ಡ ಟ್ರ್ಯಾಕ್ಟರ್ ಮನೆಗೆ ಸಿಗೋದಿಲ್ಲ. ಟೈರ್ ಬಿಚ್ಚಿ ಕೇಜ್‌ವೀಲ್ (ಪಂಜರದಂಥ ಕಬ್ಬಿಣದ ಗಾಲಿ) ಹಾಕಿಕೊಂಡು ಕೆಸರಿಗೆ ಇಳಿದರೆ ಹೊಲ ಮುಗಿಯೋವರೆಗೂ ಅಲ್ಲೇ. ಕೇಜ್‌ವೀಲ್ ಹಾಕಿದ ಗಾಡಿಯನ್ನು ಟಾರ್ ರಸ್ತೆ ಮೇಲೆ ತರುವಂತಿಲ್ಲ, ಮನೆ ಮುಂದಿನ ಫರ್ಸಿ ಮೇಲೆ ಅಂತೂ ಬಿಡಲೇಬಾರದು. ಅದೇ ಹೊತ್ತಿಗೆ ಅಂಗಳದಲ್ಲಿ ಕೆಲಸ ಜಾಸ್ತಿ. ಗೊಬ್ಬರದ ಟ್ರೇಲರ್ ಶೆಡ್ಡಿನ ಬಾಗಿಲಿಗೆ ಬರಬೇಕು, ನೀರಿನ ಟ್ಯಾಂಕರ್ ಆ ಕಡೆ ಸರಿಯಬೇಕು, ಔಷಧಿ ಹೊಡೆಯೋ ಪಂಪಿನ ಗಾಡಿ ಹೊರಗೆ ಬರಬೇಕು. ಮೊದಲೆಲ್ಲ ನಾಲ್ಕು ಜನ ಕೂಡಿ ದಬ್ಬುತ್ತಿದ್ದೆವು. ಈಗ ಆ ಕೆಲಸವನ್ನೆಲ್ಲ 24 ಎಚ್‌ಪಿಯ ಒಂದು ಮಿನಿ ಟ್ರ್ಯಾಕ್ಟರ್ ಮಾಡುತ್ತದೆ.

ನಮ್ಮ ಹೊಲ, ಮನೆ ಇರೋದು ಗಂಗಾವತಿಯಿಂದ ಕಾರಟಗಿ ಕಡೆ ಹೋಗುವಾಗ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಜಾಗದಲ್ಲಿ. ಮನೆ ಹಿಂದೆ ಶೆಡ್, ಶೆಡ್ಡಿನ ಪಕ್ಕ ಕಣ, ಕಣದಿಂದ ಕಾಲುವೆ ಕಡೆಗೆ ಇಳಿಜಾರು. ಎರಡು ಗಾಲಿಯದೊಂದು, ನಾಲ್ಕು ಗಾಲಿಯದೊಂದು ಟ್ರೇಲರ್ ಇವೆ. ಮಿನಿ ತಂದದ್ದು ಮಾವಿನ ಸಾಲಿನಲ್ಲಿ ಓಡಾಡೋಕೆ. ಟ್ರೇಲರ್ ಸರಿಸೋಕೆ ಅದು ಇಷ್ಟು ಹೊಂದುತ್ತದೆ ಅಂತ ಗೊತ್ತಾದದ್ದು ಆಮೇಲೆ.

"ಅಷ್ಟು ಸಣ್ಣ ಗಾಡಿ ಎಳೀತದೇನ್ರೀ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಎಳೆಯೋದು ಪ್ರಶ್ನೆಯೇ ಅಲ್ಲ. ಸಮ ನೆಲದಲ್ಲಿ, ಲೋ ಗೇರಿನಲ್ಲಿ, ಫೋರ್ ವೀಲ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ) ಹಾಕಿದರೆ ತನಗಿಂತ ಎಷ್ಟೋ ತೂಕದ ಟ್ರೇಲರನ್ನು ಅದು ಎಳೆಯುತ್ತದೆ. ಎಳೆದದ್ದನ್ನು ತಡೆದು ನಿಲ್ಲಿಸುತ್ತದಾ, ಅದು ಕೇಳಬೇಕಾದ ಮಾತು. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಇಪ್ಪತ್ತು ಚೀಲ ಹೇರಿದರೆ ಒಂದೂವರೆ ಟನ್ ಆಯಿತು, ಟ್ರೇಲರಿನ ಕಬ್ಬಿಣದ ತೂಕ ಬೇರೆ. ನನ್ನ ಮಿನಿ ಒಂದು ಟನ್ನಿನ ಒಳಗೇ ಇದೆ. ಇಳಿಜಾರಿನಲ್ಲಿ ಆಗ ಯಾರು ಯಾರನ್ನು ತಳ್ಳುತ್ತಾರೆ, ಯೋಚನೆ ಮಾಡಿ. ಟ್ರೇಲರಿಗೆ ಅದರದೇ ಬ್ರೇಕ್ ಇರೋದಿಲ್ಲ ಅಲ್ವಾ?

ಹಾಗಾಗಿ ಹುಕ್ ಹಾಕುವ ಮೊದಲು ನಾನು ತೂಕದ ಲೆಕ್ಕ ಹಾಕುತ್ತೇನೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ಹಾಗಾಗಿ 3000 ಲೀಟರ್ ಟ್ಯಾಂಕರ್ ತುಂಬಿದರೆ ನೀರೇ ಮೂರು ಟನ್. ತುಂಬಿದ ಟ್ಯಾಂಕರನ್ನು ಮಿನಿಗೆ ಕಟ್ಟೋದೇ ಇಲ್ಲ, ಖಾಲಿ ಇದ್ದಾಗ ಮಾತ್ರ. ಅರ್ಧ ತುಂಬಿದ್ದು ಇನ್ನೂ ಕೆಟ್ಟದ್ದು. ಬ್ರೇಕ್ ಒತ್ತಿದಾಗ ಒಳಗಿನ ನೀರೆಲ್ಲ ಮುಂದೆ ನುಗ್ಗಿ ಹಿಂದಿನಿಂದ ಗುದ್ದುತ್ತದೆ, ಸಣ್ಣ ಗಾಡಿ ಅಡ್ಡ ತಿರುಗಿಬಿಡುತ್ತದೆ. ಭತ್ತ ಹೇರಿದ ಟ್ರೇಲರ್ ಆದರೆ ಸಮ ಇರುವ ಕಡೆ ಮಾತ್ರ ಸರಿಸುತ್ತೇನೆ. ಕಾಲುವೆ ಕಡೆಯ ಇಳಿಜಾರಿಗೆ ಖಾಲಿ ಟ್ರೇಲರ್, ಇಲ್ಲವೇ ಐದಾರು ಗೊಬ್ಬರದ ಚೀಲ ಇರುವಂಥದ್ದು, ಅಷ್ಟೇ.

ಇಳಿಜಾರಿಗೆ ಹೋಗುವ ಮೊದಲು ಮೇಲೆಯೇ ನಿಂತು ಮೂರು ಕೆಲಸ ಮುಗಿಸುತ್ತೇನೆ. ಎಡ, ಬಲ ಎರಡು ಬ್ರೇಕ್ ಪೆಡಲ್‌ಗಳಿಗೆ ನಡುವಿನ ಪಟ್ಟಿ ಹಾಕಿ ಜೋಡಿಸುತ್ತೇನೆ. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರೇಲರ್ ದಬ್ಬಿದ ರಭಸಕ್ಕೆ ಗಾಡಿ ಸುತ್ತಿಬಿಡುತ್ತದೆ. ಲೋ ಗೇರಿಗೆ ಹಾಕುತ್ತೇನೆ. ಫೋರ್ ವೀಲ್ ಲಿವರ್ ಎಳೆಯುತ್ತೇನೆ. ಫೋರ್ ವೀಲ್ ಅಂದರೆ ಕೆಸರಿನಿಂದ ಏಳೋಕೆ ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ. ಇಳಿಯುವಾಗಲೂ ಅದು ಬೇಕು, ಎಂಜಿನ್ನಿನ ಹಿಡಿತ ಆಗ ನಾಲ್ಕೂ ಗಾಲಿಗೆ ಸಿಗುತ್ತದೆ. ಇಳಿಯೋಕೆ ಶುರು ಮಾಡಿದ ಮೇಲೆ ಕ್ಲಚ್ ಮೇಲಿನ ಕಾಲು ತೆಗೆದುಬಿಡಬೇಕು. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಹೋಯಿತು, ಗಾಡಿ ಬಂಡಿ ಆಯಿತು.

ಈಗ ಹುಕ್ಕಿನ ವಿಚಾರ. ಇದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು.

ಮಿನಿ ಜೊತೆಗೆ ತೂತುಗಳಿರುವ ಒಂದು ಪಟ್ಟಿ ಬರುತ್ತದೆ. ಟ್ರ್ಯಾಕ್ಟರಿನ ಹಿಂದೆ ಹೈಡ್ರಾಲಿಕ್ ಎತ್ತಿ ಇಳಿಸುವ ಎರಡು ತೋಳುಗಳಿರುತ್ತವೆ, ಅವೇ ಕೆಳಗಿನ ಲಿಂಕುಗಳು; ಅವುಗಳ ನಡುವೆ ಅಡ್ಡ ಹಾಕಿ, ಒಂದು ತೂತಿನಲ್ಲಿ ಪಿನ್ ಇಳಿಸಿ ಟ್ರೇಲರ್ ಕಟ್ಟೋದು. ನಾಲ್ಕು ಗಾಲಿಯ ಟ್ರೇಲರಿಗೆ ಇದು ಸಾಕು, ಯಾಕಂದರೆ ಅದರ ಮೂಕಿ (ಮುಂದೆ ಚಾಚಿದ ಎಳೆಯುವ ದಂಡ) ಟ್ರ್ಯಾಕ್ಟರ್ ಮೇಲೆ ಭಾರ ಹಾಕೋದಿಲ್ಲ. ಎರಡು ಗಾಲಿಯದು ಹಾಗಲ್ಲ. ಮುಂದಿನ ಭಾರ ಪೂರ್ತಿ ಪಟ್ಟಿ ಮೇಲೆ ಕೂರುತ್ತದೆ, ಪಟ್ಟಿ ಎರಡೂ ತುದಿಯ ಗುಂಡಿನಲ್ಲಿ ಹೊರಳುತ್ತದೆ, ಪಿನ್ ವಾಲುತ್ತದೆ. ಅದಕ್ಕೆ ಗಂಗಾವತಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮೂಲೆಯ ಫ್ರೇಮ್ ಮಾಡಿಸಿದೆ. ಕೆಳಗೆ ಎರಡು ಕಡೆ 22 ಎಂ.ಎಂ. ಪಿನ್, ಮೇಲೆ ಟಾಪ್ ಲಿಂಕಿಗೆ (ನಡುವಿನ ಮೇಲಿನ ತೋಳಿಗೆ) 19 ಎಂ.ಎಂ. ತೂತು, ನಡುವೆ ದಪ್ಪ ಪ್ಲೇಟಿನಲ್ಲಿ ಹುಕ್. ಸಣ್ಣ ಟ್ರ್ಯಾಕ್ಟರಿನ ಲಿಂಕಿಗೆ ಅಳತೆ ಇದೇ. ದೊಡ್ಡ ಟ್ರ್ಯಾಕ್ಟರಿನ ದಪ್ಪ ಪಿನ್ ಇದಕ್ಕೆ ಕೂರೋದಿಲ್ಲ. ಟಾಪ್ ಲಿಂಕ್ ಹಿಡಿದಿರೋದರಿಂದ ಫ್ರೇಮ್ ಹೊರಳುವ ಮಾತೇ ಇಲ್ಲ.

ಇದರ ಸುಖ ಏನೆಂದರೆ ಮೂಕಿ ಎತ್ತೋಕೆ ಜಾಕ್ ತಿರುಗಿಸುವ ಕೆಲಸ ತಪ್ಪಿತು. ಹೈಡ್ರಾಲಿಕ್ ಪೂರ್ತಿ ಇಳಿಸಿ, ನಿಧಾನಕ್ಕೆ ಹಿಂದೆ ಹೋಗಿ, ಫ್ರೇಮಿನ ಪ್ಲೇಟನ್ನು ಟ್ರೇಲರಿನ ಮೂಕಿ ತುದಿಯ ರಿಂಗಿನ ಕೆಳಗೆ ತರುತ್ತೇನೆ. ಲಿವರನ್ನು ಒಂದು ಬೆರಳಿನಷ್ಟು ಎತ್ತಿದರೆ ಪ್ಲೇಟ್ ರಿಂಗಿಗೆ ತಾಗುತ್ತದೆ. ಅಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿ ಇಳಿಯುತ್ತೇನೆ. ತೂತಿಗೆ ತೂತು ಕೂಡಿದ್ದರೆ ಪಿನ್ ತನ್ನ ಭಾರಕ್ಕೇ ಟಣ್ ಅಂತ ಇಳಿಯುತ್ತದೆ. ಸುತ್ತಿಗೆಯಿಂದ ಬಡಿದು ಇಳಿಸುವ ಪರಿಸ್ಥಿತಿ ಬಂದರೆ ಬಡಿಯಬೇಡಿ, ಮತ್ತೆ ಹತ್ತಿ ಗಾಡಿಯನ್ನು ಕೂದಲೆಳೆಯಷ್ಟು ಸರಿಸಿ. ಪಿನ್ನಿನ ಕೆಳಗೆ ಕ್ಲಿಪ್ ಹಾಕೋದನ್ನು ಮರೆಯಬಾರದು. ಪಿನ್ ಬದಲು ಸರಳಿನ ತುಂಡು ಸಿಕ್ಕಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದು ನನಗೆ ಒಂಚೂರೂ ಸೇರೋದಿಲ್ಲ. ಸರಳು ಬಾಗುತ್ತದೆ, ಕುಣಿಯುತ್ತಾ ಕುಣಿಯುತ್ತಾ ಮೇಲೆ ಬಂದು ಹಾರಿಹೋಗುತ್ತದೆ.

ಲಿಂಕಿಗೆ ಕಟ್ಟುವವರು ಎರಡು ವಿಷಯ ತಿಳಿದುಕೊಂಡೇ ಕಟ್ಟಬೇಕು. ನಮ್ಮ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತೋದಿಲ್ಲ. ಕೈಯಿಂದ ಮೇಲೆ ಎತ್ತಿದರೆ ಲಿಂಕ್ ಸುಮ್ನೆ ಏಳುತ್ತದೆ, ಬೇಕಾದರೆ ನೋಡಿ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರವೆಲ್ಲ ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಲಿಂಕನ್ನೂ ಎತ್ತಿಕೊಂಡು ಹೋಗುತ್ತದೆ. ಅದನ್ನು ತಡೆಯುವ ಶಕ್ತಿ ಲಿವರಿಗೆ ಇಲ್ಲ. ಅದಕ್ಕೆ ಚೀಲ ಹೇರುವಾಗ ಅಚ್ಚಿನಿಂದ ಸ್ವಲ್ಪ ಮುಂದಕ್ಕೇ ಹೇರಿಸುತ್ತೇನೆ. ಒಟ್ಟು ಭಾರದ ಹತ್ತನೇ ಒಂದು ಪಾಲು ಮೂಕಿ ಮೇಲಿದ್ದರೆ ಸರಿ. ಚೀಲ ಇಳಿಸುವಾಗ ಮೊದಲು ಹಿಂದಿನ ಚೀಲ ತೆಗೆಯಬೇಕು. ಕೂಲಿಯವರು ಮುಂದಿನಿಂದ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ ಹೇಳುತ್ತೇನೆ.

ಎರಡನೆಯದು ಎತ್ತರ. ನನ್ನ ಗಾಡಿ ಲಿಂಕಿನಲ್ಲಿ 750 ಕೆ.ಜಿ. ಎತ್ತುತ್ತದೆ ಅಂತ ಕಂಪನಿ ಪುಸ್ತಕದಲ್ಲಿದೆ. ಎತ್ತುತ್ತದೆ ಅಂತ ಮೇಲಕ್ಕೆ ಎತ್ತಿಕೊಂಡು ಎಳೆದರೆ ಅಪಾಯ. ಎಳೆಯುವ ಜಾಗ ಹಿಂದಿನ ಅಚ್ಚಿಗಿಂತ ಕೆಳಗೇ ಇರಬೇಕು. ಮೇಲೆ ಹೋದಷ್ಟೂ ಮುಂದಿನ ಗಾಲಿ ಹಗುರ ಆಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಇನ್ನೂ ಜೋರಾಗಿ ಎಳೆದರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಟ್ರೇಲರಿನ ಕಾಲು (ಬಿಚ್ಚಿಟ್ಟಾಗ ಮೂಕಿಯನ್ನು ಹೊರುವ ಸ್ಟ್ಯಾಂಡ್) ನೆಲ ಬಿಟ್ಟರೆ ಸಾಕು, ಅದಕ್ಕಿಂತ ಮೇಲೆ ನಾನು ಎತ್ತೋದಿಲ್ಲ. ಮುಂದೆ ಬಂಪರಿಗೆ ವೇಟ್ ಹಾಕಿಯೇ ಇಟ್ಟಿದ್ದೇನೆ.

ಆದರೆ ನನಗೆ ಬಹಳ ಖುಷಿ ಕೊಟ್ಟದ್ದು ಮುಂದಿನ ಹುಕ್. ಎರಡು ಗಾಲಿಯ ಟ್ರೇಲರನ್ನು ರಿವರ್ಸಿನಲ್ಲಿ ಶೆಡ್ಡಿಗೆ ಹಾಕೋದು ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು. ಕತ್ತು ತಿರುಗಿಸಿ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಟ್ರೇಲರ್ ಮಡಚಿಕೊಳ್ಳುವ ಮೊದಲೇ ಬಿಡಿಸಬೇಕು. ಮೂಕಿ ಗಿಡ್ಡ ಇದ್ದಷ್ಟೂ ಬೇಗ ಮಡಚುತ್ತದೆ. ಮಿನಿಯ ಮುಂದಿನ ಬಂಪರಿನಲ್ಲಿ ಪಿನ್ ಹಾಕೋಕೆ ಜಾಗ ಇರುತ್ತದೆ. ಖಾಲಿ ಟ್ರೇಲರಿನ ರಿಂಗನ್ನು ಅಲ್ಲಿಗೆ ಕಟ್ಟಿ, ಮುಂದಕ್ಕೇ ಓಡಿಸುತ್ತಾ ಒಳಗೆ ತಳ್ಳುತ್ತೇನೆ. ಟ್ರೇಲರಿನ ಹಿಂದಿನ ಎರಡು ಮೂಲೆ, ಶೆಡ್ಡಿನ ಕಂಬ, ಎಲ್ಲ ಕಣ್ಣ ಮುಂದೆಯೇ ಇರುತ್ತವೆ. ತಿರುಗಿಸುವ ಗಾಲಿ ಹುಕ್ಕಿನ ಹತ್ತಿರವೇ ಇರೋದರಿಂದ ಸ್ಟೇರಿಂಗ್ ಸ್ವಲ್ಪ ಅಲ್ಲಾಡಿಸಿದರೆ ಸಾಕು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರಿನ ತುದಿ ಎಡಕ್ಕೆ ಹೋಗುತ್ತದೆ, ಇದೊಂದು ನೆನಪಿರಲಿ. ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸೋದು ಈಗ ನನಗೆ ಸಲೀಸು.

ಹೇರಿದ ಟ್ರೇಲರಿಗೆ ಮಾತ್ರ ಮುಂದಿನ ಹುಕ್ ಬೇಡವೇ ಬೇಡ. ಮಿನಿಯ ಮುಂದಿನ ಅಚ್ಚು ಅಷ್ಟು ಭಾರ ಹೊರೋಕೆ ಮಾಡಿದ್ದಲ್ಲ. ನಾಲ್ಕು ಗಾಲಿಯದನ್ನೂ ನಾನು ತಳ್ಳೋದಿಲ್ಲ. ಮೂಕಿಯ ಹತ್ತಿರ ಒಂದು ಕಡೆ ತಿರುಗುತ್ತದೆ, ಮುಂದಿನ ಗಾಲಿಗಳ ತಟ್ಟೆಯಲ್ಲಿ ಇನ್ನೊಂದು ಕಡೆ ತಿರುಗುತ್ತದೆ. ಪಳಗಿದ ಡ್ರೈವರುಗಳು ಅದನ್ನೂ ರಿವರ್ಸ್ ಹಾಕುತ್ತಾರೆ, ಅವರ ಕೈಗೆ ನಮಸ್ಕಾರ. ನಾನು ಶೆಡ್ಡಿನ ಹಿಂದಿನ ಗೋಡೆ ಒಡೆಸಿ ಅಲ್ಲೂ ಒಂದು ಬಾಗಿಲು ಇಡಿಸಿದೆ. ಈ ಕಡೆಯಿಂದ ಎಳೆದುಕೊಂಡು ಹೋಗಿ ಬಿಟ್ಟು, ಆ ಕಡೆಯಿಂದ ಹೊರಗೆ ಎಳೆಯೋದು. ಹೊಸದಾಗಿ ಶೆಡ್ ಕಟ್ಟಿಸುವವರು ಮೊದಲೇ ಎರಡು ಬಾಗಿಲು ಇಡಿಸಿಕೊಳ್ಳಿ.

ಬಿಚ್ಚುವಾಗಿನ ಕ್ರಮದಲ್ಲಿ ನಾನು ಬಹಳ ಕಟ್ಟುನಿಟ್ಟು. ಅಣ್ಣನ ಮಗ ಜೊತೆಗಿರುತ್ತಾನೆ. ಗಾಡಿ ಅಲ್ಲಾಡುವಾಗ ಅವನು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಕಾಲಿಡುವಂತಿಲ್ಲ, ಪಕ್ಕದಲ್ಲಿ ನನಗೆ ಕಾಣುವ ಕಡೆ ನಿಂತು ಕೈ ಮಾಡಬೇಕು. ನಿಂತ ಮೇಲೆ ಎರಡೂ ಗಾಲಿಗೆ ಹಿಂದೆ, ಮುಂದೆ ಕಲ್ಲು ಕೊಡುತ್ತಾನೆ. "ಕಾಕಾ, ಕಲ್ಲು ಕೊಟ್ಟೀನಿ, ಪಿನ್ ತಗೀಲೇನು?" ಅಂತ ಕೂಗುತ್ತಾನೆ. "ಕಾಲು ಇಳಿಸಿದೇನಪ್ಪ?" ಅಂತ ನಾನು ಕೇಳಿ, ಹೌದು ಅಂದ ಮೇಲೆಯೇ ಪಿನ್ ತೆಗೆಯೋದು. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಟ್ರೇಲರಿನ ಕಾಲು ರಾತ್ರಿ ಕಳೆಯೋದರೊಳಗೆ ಮಣ್ಣಿಗೆ ಇಳಿದು, ಬೆಳಗ್ಗೆ ನೋಡಿದರೆ ರಿಂಗ್ ನೆಲಕ್ಕೆ ಮುಟ್ಟಿರುತ್ತದೆ. ಆಗ ಅದರ ಕೆಳಗೆ ಫ್ರೇಮ್ ಹೋಗೋದೇ ಇಲ್ಲ. ಮನೆ ಕಟ್ಟಿದಾಗ ಉಳಿದ ಫರ್ಸಿ ತುಂಡುಗಳನ್ನು ಟ್ರೇಲರ್ ನಿಲ್ಲಿಸುವ ಜಾಗದಲ್ಲೆಲ್ಲ ಹಾಕಿಸಿದ್ದೇನೆ. ಕಾಲು ಅದರ ಮೇಲೇ ನಿಲ್ಲಬೇಕು. ಗಾಲಿಗೆ ಕೊಡೋಕೆ ಉರುಟು ಕಲ್ಲು ಬೇಡ, ಜಾರುತ್ತದೆ. ಹಳೇ ಜಾಲಿ ತೊಲೆಯನ್ನು ಓರೆಯಾಗಿ ಕೊಯ್ಯಿಸಿ ಇಟ್ಟುಕೊಂಡಿದ್ದೇವೆ.

ಹಸಿ ಎರೆಯಲ್ಲಿ ಟೈರಿನ ಗುಬ್ಬಿಗಳ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ನುಣ್ಣಗಾಗುತ್ತದೆ. ಆಗ ಫೋರ್ ವೀಲ್ ಇದ್ದರೂ ನಂಬಬೇಡಿ. ಓಡಾಡುವ ದಾರಿಗಷ್ಟೇ ಎರಡು ಟ್ರಿಪ್ ಮೊರಂ ಹಾಕಿಸಿದ ಮೇಲೆ ನಮ್ಮ ತೊಂದರೆ ಹೋಯಿತು.

ಔಷಧಿ ಪಂಪಿನ ಗಾಡಿ ಸರಿಸುವಾಗ ಪಿಟಿಒ ಶಾಫ್ಟ್ (ಟ್ರ್ಯಾಕ್ಟರಿನ ಶಕ್ತಿಯಿಂದ ಪಂಪ್ ತಿರುಗಿಸುವ ದಂಡ) ಬಿಚ್ಚಿಡಬೇಕು. ಅಂಗಳದಲ್ಲಿ ತಿರುವು ಗಿಡ್ಡ, ಶಾಫ್ಟ್ ಲಿಂಕಿಗೆ ಬಡಿದು ಬಾಗುತ್ತದೆ.

ಫ್ರೇಮ್ ಮಾಡಿಸಬೇಕು ಅನ್ನುವವರಿಗೆ ಇಷ್ಟು ಹೇಳಬಲ್ಲೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿರುವ ಪ್ರತಿ ಟ್ರೇಲರಿನ ರಿಂಗ್ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಬರೆದುಕೊಳ್ಳಿ. ಒಂದಕ್ಕೊಂದು ಸರಿ ಇರೋದಿಲ್ಲ. ಎಲ್ಲಕ್ಕಿಂತ ಕೆಳಗಿರುವ ರಿಂಗಿನ ಕೆಳಗೆ ನಿಮ್ಮ ಪ್ಲೇಟ್ ನುಗ್ಗಬೇಕು, ಆ ಲೆಕ್ಕಕ್ಕೆ ಮಾಡಿಸಿ. ಆಗುವುದಾದರೆ ಟ್ರ್ಯಾಕ್ಟರನ್ನೇ ಅಂಗಡಿ ಮುಂದೆ ತೆಗೆದುಕೊಂಡು ಹೋಗಿ, ಲಿಂಕಿಗೆ ಹಾಕಿಟ್ಟು ಅಳತೆ ನೋಡಿಸಿ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿಯ ವೈರ್ ಬಿಚ್ಚಿಸೋದು ಬಿಡಬೇಡಿ.